ಆಕಾಶದಲ್ಲಿ ದೇಹದ ಸಾಕ್ಷ್ಯ

ಶ್ರೋತೃಗಳಲ್ಲಿ ಅನೇಕರು ಘಟ್ಟದ ದಾರಿಯಲ್ಲಿ ಪ್ರಯಾಣಮಾಡಿದವರೇ ಆಗಿರಬೇಕು. ಸಕಲೇಶಪುರವನ್ನು ಬಿಟ್ಟು ಶಿರಾಡಿಯ ತಿರುವುಗಳಲ್ಲಿ ಬಸ್ಸು ಇಳಿಯತೊಡಗಿತೆಂದರೆ ಕಿವಿಗಳು ಗಪ್ಪೆಂದು ಮುಚ್ಚಿಕೊಳ್ಳುತ್ತವೆ. ಪಕ್ಕದಲ್ಲಿ ಕುಳಿತವರ ಮಾತು ಬಾವಿಯ ತಳದಿಂದ ಬಂದಂತೆ ಕೇಳುತ್ತದೆ. ಒಂದು ಗುಟುಕು ನೀರು ಕುಡಿದರೆ, ಇಲ್ಲವೆ ಒಮ್ಮೆ ಆಕಳಿಸಿದರೆ, ಟಪ್ಪೆಂದು ಬಿಚ್ಚಿಕೊಳ್ಳುತ್ತವೆ. ಇದಕ್ಕೆ ಕಾರಣವು ಬಹಳ ಸರಳವಾದುದು. ಗಾಳಿಗೆ ತೂಕವುಂಟು, ಕೆಳಗೆ ಇಳಿದಂತೆಲ್ಲ ನಮ್ಮ ತಲೆಯ ಮೇಲಿರುವ ಗಾಳಿಯ ರಾಶಿ ಹೆಚ್ಚಿ, ಅದರ ಒತ್ತಡವೂ ಹೆಚ್ಚುತ್ತದೆ. ಕಿವಿಯ ತಮಟೆಯ ಹೊರಗಡೆ ಕರಾವಳಿಯ ಭಾರವಾದ ಗಾಳಿ. ಒಳಗಡೆಯ ಪುಟ್ಟ ಕೋಣೆಯಲ್ಲಿ ಮಲೆನಾಡಿನಿಂದ ತಂದ ಹಗುರವಾದ ಗಾಳಿ. ತಮಟೆ ಒಳಕ್ಕೆ ಬಾಗುತ್ತದೆ. ಆ ಕೋಣೆಯಿಂದ ಗಂಟಲಿಗೆ ಇರುವ ಸಣ್ಣ ನಾಳವು ನುಂಗುವಾಗ ತೆರೆದುಕೊಂಡು, ಎರಡು ಕಡೆಯ ಒತ್ತಡವೂ ಸಮವಾಗುತ್ತದೆ.

ಸುಮಾರು ೩,೦೦೦ ಅಡಿಗಳ ಇಳಿತವನ್ನು ದೇಹವು ಹೀಗೆ ಕೂಡಲೆ ನಮಗೆ ವರದಿಮಾಡುತ್ತದೆ. ಭೂಮಿಯ ಮೇಲೆ ದೇಹವು ಸಾಮಾನ್ಯವಾಗಿ ನಂಬತಕ್ಕ ಸಾಕ್ಷಿಯೇ ಸರಿ. ಮುಳ್ಳು ಚುಚ್ಚಿದರೆ ನೋವು, ಬಿಸಿಲು ಹೆಚ್ಚಾದರೆ ಬಾಯಾರಿಕೆ, ಕಾಲು ಜಾರಿದರೆ ಎಚ್ಚರಿಕೆ. ಆದರೆ ಮನುಷ್ಯನು ನೆಲವನ್ನು ಬಿಟ್ಟು ಮೇಲಕ್ಕೆ ಹೋದಂತೆಲ್ಲ ಈ ಸಾಕ್ಷಿಯು ಕೆಲವು ವೇಳೆ ಬಾಯಿ ಮುಚ್ಚಿಕೊಳ್ಳುತ್ತಾನೆ. ಕೆಲವು ವೇಳೆ ಧೈರ್ಯವಾಗಿ ಸುಳ್ಳನ್ನೇ ಹೇಳುತ್ತಾನೆ. ವಿಮಾನವನ್ನು ನಡೆಸುವವರ ಮತ್ತು ಅಂತರಿಕ್ಷಕ್ಕೆ ಹೋಗುವವರ ಆರೋಗ್ಯದ ವಿಷಯದಲ್ಲಿ ನೂರೈವತ್ತು ವರ್ಷಗಳಿಂದ ಕಲಿತಿರುವ ಪಾಠಗಳಲ್ಲಿ ಬಹುಭಾಗವು ಇದೊಂದರಲ್ಲಿಯೇ ಅಡಗಿದೆ ಎಂದು ನನಗೆ ತೋರುತ್ತದೆ.

ಮೊದಲು ಗಾಳಿಯ ವಿಚಾರ. ಸಮುದ್ರಮಟ್ಟದಲ್ಲಿ ವಾಯುವಿನ ಒತ್ತಡವು ೭೬೦ ಮಿಲಿಮೀಟರು ಎತ್ತರದ ಪಾದರಸದ ಕಂಬವನ್ನು ತಡೆದು ನಿಲ್ಲಿಸಬಲ್ಲುದು. ಬೆಂಗಳೂರಿನಲ್ಲಿ ಇದು ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ೧೮,೦೦೦ ಅಡಿಗಳಲ್ಲಿ ಸರಿಯಾಗಿ ಅರ್ಧ. ಎವರೆಸ್ಟ್ ಶಿಖರದಲ್ಲಿ ಮೂರನೆಯ ಒಂದು ಪಾಲು. ಗಾಳಿಯಲ್ಲಿ ಆಮ್ಲಜನಕದ ಭಾಗವು ಎಲ್ಲೆಲ್ಲಿಯೂ ಐದರಲ್ಲಿ ಒಂದೇ. ಅದೇನೂ ಮೇಲೆ ಕಡಿಮೆಯಾಗುವುದಿಲ್ಲ. ಕಡಿಮೆಯಾಗುವುದು ಅದನ್ನು ಶ್ವಾಸಕೋಶದಿಂದ ರಕ್ತಕ್ಕೆ ತಳ್ಳುವ ಒತ್ತಡ. ಉಸಿರು ಎಂದಿನಂತೆ ಆಡುತ್ತಿರುತ್ತದೆ, ಎದೆ ಏರಿ ಇಳಿಯುತ್ತಿರುತ್ತದೆ, ಆದರೆ ರಕ್ತವು ಬರಿಗೈಯಲ್ಲಿ ಮೆದುಳಿಗೆ ಹೋಗುತ್ತಿರುತ್ತದೆ.

೧೮೭೫ನೆಯ ಇಸವಿ ಏಪ್ರಿಲ್ ೧೫ರಂದು ಪ್ಯಾರಿಸ್ ನಗರದಿಂದ 'ಜೆನಿತ್' ಎಂಬ ಬೆಲೂನು ಮೇಲಕ್ಕೆ ಹೊರಟಿತು. ಅದರ ಬುಟ್ಟಿಯಲ್ಲಿ ಮೂವರಿದ್ದರು: ಗಾಸ್ತೋಂ ತಿಸ್ಸಾಂದಿಯೆ, ಕ್ರೋಸೆ-ಸ್ಪಿನೆಲ್ಲಿ, ಮತ್ತು ಸಿವೆಲ್. ಇವರು ಹುಡುಗಾಟದ ಸಾಹಸಿಗಳಲ್ಲ. ಹಿಂದಿನ ವರ್ಷವೇ ಪಾಲ್ ಬೆರ್ ಎಂಬ ಶರೀರಶಾಸ್ತ್ರಜ್ಞನ ಪ್ರಯೋಗಶಾಲೆಯಲ್ಲಿ, ಗಾಳಿಯನ್ನು ಹೊರಕ್ಕೆಳೆದ ಕಬ್ಬಿಣದ ಕೋಣೆಯೊಳಗೆ ಕುಳಿತು, ಎತ್ತರದ ಪ್ರಭಾವವನ್ನು ಸ್ವತಃ ಪರೀಕ್ಷಿಸಿಕೊಂಡವರು ಇವರಲ್ಲಿದ್ದರು. ಆಮ್ಲಜನಕ ಬೆರೆಸಿದ ಗಾಳಿಯ ಚೀಲಗಳನ್ನೂ ಜೊತೆಯಲ್ಲಿ ತೆಗೆದುಕೊಂಡಿದ್ದರು. ಆ ಚೀಲಗಳು ಸಾಲವೆಂದು ಪಾಲ್ ಬೆರ್ ಕಾಗದ ಬರೆದನು. ಕಾಗದವು ತಡವಾಗಿ ತಲಪಿತು. ಇರುವುದು ಸ್ವಲ್ಪವಾದ್ದರಿಂದ, ನಿಜವಾಗಿ ಬೇಕೆನ್ನಿಸಿದಾಗ ಮಾತ್ರ ಅದನ್ನು ಉಪಯೋಗಿಸುವುದೆಂದು ಅವರು ನಿಶ್ಚಯಿಸಿಕೊಂಡರು. ಮೇಲುನೋಟಕ್ಕೆ ಇದು ಎಷ್ಟು ವಿವೇಕದ ಮಾತು! ಆದರೆ ಮೃತ್ಯುವು ಅಡಗಿ ಕುಳಿತಿದ್ದುದು ಈ ವಿವೇಕದಲ್ಲಿಯೇ.

ಏಕೆಂದರೆ ಬೇಕೆನ್ನಿಸಲೇ ಇಲ್ಲ. ಬದುಕಿ ಬಂದ ತಿಸ್ಸಾಂದಿಯೆ ಬರೆದಿರುವ ವೃತ್ತಾಂತದಲ್ಲಿ ಓದುಗನನ್ನು ಬೆರಗುಗೊಳಿಸುವ ಸಂಗತಿಯೆಂದರೆ, ಅಲ್ಲಿ ಸಂಕಟದ ವರ್ಣನೆಯೇ ಇಲ್ಲ. ಮೇಲೇರಿದಂತೆ ಮನಸ್ಸಿಗೆ ಒಂದು ಬಗೆಯ ಸಂತೋಷ, ಸುತ್ತಲೂ ಬೆಳಕು ತುಂಬಿದಂತಹ ಭಾವ, ಅಪಾಯದ ಕಡೆಗೆ ಪೂರ್ಣ ಉದಾಸೀನ. ಸಿವೆಲ್ ಮರಳಿನ ಚೀಲಗಳನ್ನು ಕತ್ತರಿಸಿದನು. ಬೆಲೂನು ಇನ್ನೂ ಮೇಲೇರಿತು. ಆಮ್ಲಜನಕದ ಕೊಳವೆಯನ್ನು ಹಿಡಿಯಬೇಕೆಂದು ತಿಸ್ಸಾಂದಿಯೆಗೆ ತೋರಿದಾಗ ಕೈ ಮೇಲಕ್ಕೆ ಬರಲಿಲ್ಲ. ಎಂಟು ಸಾವಿರ ಮೀಟರು ಏರಿದೆವೆಂದು ಕೂಗಬೇಕೆಂದನು; ನಾಲಗೆ ಹೊರಳಲಿಲ್ಲ. ಬಳಿಕ ಪ್ರಜ್ಞೆ ತಪ್ಪಿತು. ಬೆಲೂನು ಸುಮಾರು ೨೮,೦೦೦ ಅಡಿಗಳವರೆಗೆ ಏರಿ ತಾನಾಗಿಯೇ ಇಳಿಯಿತು. ಅವನಿಗೆ ಎಚ್ಚರವಾದಾಗ ಗೆಳೆಯರಿಬ್ಬರೂ ಬುಟ್ಟಿಯಲ್ಲಿ ಕುಸಿದು ಸತ್ತಿದ್ದರು. ತಿಸ್ಸಾಂದಿಯೆ ಕಿವುಡನಾಗಿ ಉಳಿದನು.

ಇಷ್ಟು ದೊಡ್ಡ ಅಪಾಯವನ್ನು ದೇಹವು ಏಕೆ ತಿಳಿಸಲಿಲ್ಲ? ಮೂಗು ಬಾಯಿಗಳನ್ನು ಬಿಗಿಹಿಡಿದರೆ ಒಂದು ನಿಮಿಷದೊಳಗಾಗಿ ನಮಗೆ ತಡೆಯಲಾರದ ಸಂಕಟವಾಗುತ್ತದೆಯಲ್ಲವೆ? ಆ ಸಂಕಟವು ಮುಖ್ಯವಾಗಿ ಆಮ್ಲಜನಕದ ಕೊರತೆಯಿಂದ ಆಗುವುದಲ್ಲ. ಹೊರಗೆ ಹೋಗಬೇಕಾದ ಇಂಗಾಲಾಮ್ಲ ವಾಯು ರಕ್ತದಲ್ಲಿ ಸೇರಿಕೊಳ್ಳುವುದರಿಂದ ಆಗುವುದು. ಎತ್ತರದಲ್ಲಿ ಉಸಿರಾಟವು ನಿಂತಿಲ್ಲವಾದ್ದರಿಂದ ಇಂಗಾಲಾಮ್ಲವು ನಿರಾತಂಕವಾಗಿ ಹೊರಗೆ ಹೋಗುತ್ತಿರುತ್ತದೆ. ಬಾಗಿಲಲ್ಲಿ ಕಾವಲುಗಾರನಿದ್ದಾನೆ ನಿಜ. ಆದರೆ ಅವನು ಕಾಯುತ್ತಿರುವುದು ಬೇರೊಂದು ಬಾಗಿಲನ್ನು. ಇತ್ತ ಮೆದುಳಿನಲ್ಲಿ ಮೊದಲು ಮಂಕಾಗುವುದು ವಿವೇಚನೆ. 'ನನ್ನ ಬುದ್ಧಿ ಮಂಕಾಗಿದೆ' ಎಂದು ತಿಳಿಯಬೇಕಾದ ಬುದ್ಧಿಯೇ ಮಂಕಾಗಿರುವಾಗ ತಿಳಿಯುವವರು ಯಾರು?

ಆದ್ದರಿಂದ ಇಂದಿನ ವಾಯುಪಡೆಗಳಲ್ಲಿ ಚಾಲಕರನ್ನು ಇಂತಹ ಕೋಣೆಯೊಳಗೆ ಕೂಡಿಸಿ, ಗಾಳಿಯನ್ನು ತೆಳುಗೊಳಿಸಿ, ಮುಖವಾಡವನ್ನು ತೆಗೆಸಿ, ಸುಲಭವಾದ ಲೆಕ್ಕಗಳನ್ನು ಮಾಡಲು ಹೇಳುತ್ತಾರೆ. ಕಾಗದದ ಮೇಲೆ ಅಕ್ಷರಗಳು ಸೊಟ್ಟಗಾಗುತ್ತವೆ, ನೂರರಿಂದ ಏಳೇಳು ಕಳೆಯುವುದು ಕೆಡುತ್ತದೆ, ಉಗುರುಗಳು ನೀಲಿಯಾಗುತ್ತವೆ. ಬರೆಯುವವನು ಮಾತ್ರ ನಗುನಗುತ್ತ ಎಲ್ಲವೂ ಸರಿಯಾಗಿದೆಯೆಂದು ಕೈ ತೋರಿಸುತ್ತಾನೆ. ಒಬ್ಬೊಬ್ಬರಿಗೆ ಒಂದೊಂದು ಲಕ್ಷಣ ಮೊದಲು ತೋರುತ್ತದೆ: ಒಬ್ಬರಿಗೆ ಬೆರಳಿನ ಜುಮುಜುಮು, ಮತ್ತೊಬ್ಬರಿಗೆ ಮೈಬೆಚ್ಚಗಾಗುವುದು, ಇನ್ನೊಬ್ಬರಿಗೆ ನಿಷ್ಕಾರಣವಾದ ನಗು. ತನ್ನ ಲಕ್ಷಣ ಯಾವುದೆಂಬುದನ್ನು ಪ್ರತಿಯೊಬ್ಬನೂ ನೆಲದ ಮೇಲೆಯೇ ಕಲಿತುಕೊಂಡು ಹೋಗಬೇಕು. ಮೇಲೆ ಕಲಿಯಲು ಸಮಯವಿಲ್ಲ. ೨೫,೦೦೦ ಅಡಿಗಳಲ್ಲಿ ಉಪಯುಕ್ತವಾದ ಎಚ್ಚರವು ಉಳಿಯುವುದು ಮೂರರಿಂದ ಐದು ನಿಮಿಷ. ಪ್ರಯಾಣಿಕರ ವಿಮಾನಗಳು ಹಾರುವ ೩೫,೦೦೦ ಅಡಿಗಳಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ.

ಪ್ರಯಾಣಿಕರ ವಿಮಾನದೊಳಗೆ ಗಾಳಿಯನ್ನು ಒತ್ತಿ ತುಂಬಿ, ಹೊರಗೆ ಎಷ್ಟೇ ಎತ್ತರವಿದ್ದರೂ ಒಳಗೆ ಆರರಿಂದ ಎಂಟು ಸಾವಿರ ಅಡಿಗಳ ಗಾಳಿಯೇ ಇರುವಂತೆ ಮಾಡುತ್ತಾರೆ. ಊಟಿಯಲ್ಲಿ ಕುಳಿತಂತೆ ಎಂದಿಟ್ಟುಕೊಳ್ಳಿ. ೨೦೦೫ನೆಯ ಆಗಸ್ಟ್ ೧೪ರಂದು ಸೈಪ್ರಸ್ ದ್ವೀಪದ ಲಾರ್ನಕದಿಂದ ಅಥೆನ್ಸಿನ ಕಡೆಗೆ ಹೊರಟ ಒಂದು ವಿಮಾನದಲ್ಲಿ ಈ ಏರ್ಪಾಡಿನ ಗುಂಡಿಯು ತಪ್ಪು ಸ್ಥಾನದಲ್ಲಿ ಉಳಿದುಹೋಗಿತ್ತು. ವಿಮಾನವು ಏರುತ್ತಿದ್ದಾಗ ಎಚ್ಚರಿಕೆಯ ಕಹಳೆಯೇನೋ ಮೊಳಗಿತು. ಆದರೆ ಅದೇ ಧ್ವನಿ ನೆಲದ ಮೇಲೆ ಬೇರೊಂದು ದೋಷವನ್ನು ಸೂಚಿಸುವುದಕ್ಕೂ ಇದ್ದುದರಿಂದ ಚಾಲಕರು ಅದನ್ನು ತಪ್ಪಾಗಿ ಅರ್ಥಮಾಡಿಕೊಂಡರು. ಅರ್ಥವನ್ನು ತಿದ್ದಿಕೊಳ್ಳಬೇಕಾದ ಬುದ್ಧಿಯು ಅಷ್ಟರಲ್ಲಿ ಕಳೆಗುಂದುತ್ತಿತ್ತು. ವಿಮಾನವು ಯಂತ್ರದ ಹಿಡಿತದಲ್ಲಿಯೇ ೩೪,೦೦೦ ಅಡಿಗಳಿಗೆ ಏರಿ, ಅಥೆನ್ಸನ್ನು ತಲಪಿ, ಅಲ್ಲಿ ಸುತ್ತತೊಡಗಿತು. ಹತ್ತಿರ ಹೋದ ಗ್ರೀಕ್ ವಾಯುಪಡೆಯವರಿಗೆ ಕಂಡುದು ಮುಂದಕ್ಕೆ ಕುಸಿದು ಕುಳಿತ ಸಹಚಾಲಕ, ಬರಿದಾದ ನಾಯಕನ ಆಸನ, ತೂಗಾಡುವ ಮುಖವಾಡಗಳು. ಇಂಧನ ಮುಗಿದು ವಿಮಾನವು ಬೆಟ್ಟಕ್ಕೆ ಬಡಿಯಿತು. ೧೨೧ ಮಂದಿ ಮಡಿದರು. ಜೆನಿತ್ ಬೆಲೂನಿಗೂ ಇದಕ್ಕೂ ೧೩೦ ವರ್ಷಗಳ ಅಂತರ. ಯಂತ್ರಗಳು ಗುರುತು ಸಿಕ್ಕದಷ್ಟು ಬದಲಾಗಿದ್ದವು, ಮೆದುಳು ಬದಲಾಗಿರಲಿಲ್ಲ.

ಇದು ದೇಹವು ಸುಮ್ಮನಿದ್ದುಬಿಡುವ ರೀತಿ. ಸುಳ್ಳು ಹೇಳುವ ರೀತಿಯನ್ನು ಈಗ ನೋಡೋಣ. ಇದಕ್ಕೆ ಪುನಃ ಕಿವಿಗೇ ಬರಬೇಕು, ಆದರೆ ಈ ಸಲ ಅದರ ಒಳಮನೆಗೆ. ಅಲ್ಲಿ ಒಂದಕ್ಕೊಂದು ಅಡ್ಡವಾಗಿ ನಿಂತಿರುವ, ಅರ್ಧಚಂದ್ರಾಕಾರದ ಮೂರು ಸಣ್ಣ ನಾಳಗಳುಂಟು. ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದರೆ ನಾಳ ತಿರುಗುತ್ತದೆ, ದ್ರವವು ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವೇ ತಿರುಗುವಿಕೆಯ ಅರಿವು. ಮನೆಯಲ್ಲಿಯೇ ಇದನ್ನು ನೋಡಬಹುದು. ಅಗಲವಾದ ಬೋಗುಣಿಯಲ್ಲಿ ನೀರು ತುಂಬಿ, ಮೇಲೆ ಸ್ವಲ್ಪ ಹೊಟ್ಟು ಉದುರಿಸಿ, ಬೋಗುಣಿಯನ್ನು ನಿಧಾನವಾಗಿ ತಿರುಗಿಸಿ. ಮೊದಲು ಪಾತ್ರೆ ತಿರುಗುತ್ತದೆ, ಹೊಟ್ಟು ನಿಂತಿರುತ್ತದೆ. ತಿರುಗಿಸುತ್ತಲೇ ಇದ್ದರೆ ನೀರೂ ಪಾತ್ರೆಯ ವೇಗವನ್ನೇ ಪಡೆಯುತ್ತದೆ. ಆಗ ಎರಡಕ್ಕೂ ವ್ಯತ್ಯಾಸವಿಲ್ಲ. ಪಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ನೀರು ಇನ್ನೂ ಸುತ್ತುತ್ತಿರುತ್ತದೆ. ಗಿರಗಿರನೆ ತಿರುಗಿ ನಿಂತ ಮಗುವಿಗೆ ಮನೆಯೇ ತಿರುಗಿದಂತೆ ಕಾಣುವುದು ಇದರಿಂದಲೇ.

ಮೋಡದೊಳಗೆ ಹೊಕ್ಕ ಚಾಲಕನ ಗತಿಯನ್ನು ಈಗ ಊಹಿಸಿಕೊಳ್ಳಿ. ದಿಗಂತವಿಲ್ಲ, ನೆಲವಿಲ್ಲ, ಸುತ್ತಲೂ ಬಿಳುಪು. ವಿಮಾನವು ಮೆಲ್ಲಗೆ ಎಡಕ್ಕೆ ವಾಲಿ ತಿರುಗುತ್ತ ಸ್ವಲ್ಪ ಕಾಲ ಕಳೆದರೆ ಅವನ ಕಿವಿಯ ದ್ರವವು ವಿಮಾನದ ಜೊತೆಗೂಡುತ್ತದೆ. ತಾನು ನೇರವಾಗಿ ಹೋಗುತ್ತಿದ್ದೇನೆಂದು ದೇಹ ಸಾಕ್ಷಿ ನುಡಿಯುತ್ತದೆ. ವಿಮಾನವನ್ನು ನಿಜವಾಗಿ ನೇರಮಾಡಿದ ಕ್ಷಣದಲ್ಲಿ, ಬಲಕ್ಕೆ ತಿರುಗುತ್ತಿದ್ದೇನೆಂದು ಅದೇ ದೇಹ ಕೂಗಿಕೊಳ್ಳುತ್ತದೆ. ಅದನ್ನು ನಂಬಿ ಅವನು ಪುನಃ ಎಡಕ್ಕೆ ತಿರುಗಿಸುತ್ತಾನೆ, ಸುರುಳಿ ಸುತ್ತುತ್ತ ಇಳಿಯುತ್ತಾನೆ.

೧೯೨೬ರಲ್ಲಿ ಅಮೆರಿಕದ ಸಾನ್‌ಫ್ರಾನ್ಸಿಸ್ಕೋ ಬಳಿಯ ವಿಮಾನನೆಲೆಯಲ್ಲಿ ಡೇವಿಡ್ ಮೈಯರ್ಸ್ ಎಂಬ ವೈದ್ಯನು ವಿಲಿಯಂ ಆಕರ್ ಎಂಬ ಹಳೆಯ ಚಾಲಕನನ್ನು ತಿರುಗುವ ಕುರ್ಚಿಯಲ್ಲಿ ಕಣ್ಣುಕಟ್ಟಿ ಕೂಡಿಸಿ, ಯಾವ ಕಡೆಗೆ ತಿರುಗುತ್ತಿದ್ದೀರಿ ಎಂದು ಕೇಳಿದನು. ಆಕರನ ಉತ್ತರಗಳು ತಪ್ಪಾದವು. ಬಹುಕಾಲದ ಅನುಭವವುಳ್ಳ ಚಾಲಕನಿಗೆ ಇದು ಅವಮಾನವೇ ಸರಿ. ಅವನು ಹೋಗಿ, ತಿರುವನ್ನು ತೋರಿಸುವ ಒಂದು ಸಣ್ಣ ಯಂತ್ರವನ್ನೂ ಒಂದು ಕೈದೀಪವನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡು ಬಂದು, ಪೆಟ್ಟಿಗೆಯೊಳಗೆ ಇಣುಕುತ್ತ ಕುರ್ಚಿಯಲ್ಲಿ ಕುಳಿತನು. ಈ ಸಲ ಒಂದು ಉತ್ತರವೂ ತಪ್ಪಲಿಲ್ಲ. ತನ್ನ ಅಂಗವನ್ನು ಬಿಟ್ಟು ಯಂತ್ರವನ್ನು ನಂಬುವ ವಿದ್ಯೆಯನ್ನು ಆಕರನೂ ಮೈಯರ್ಸನೂ ಸೇರಿ ಆ ಮೇಲೆ ಇತರರಿಗೆ ಕಲಿಸಿದರು. ೧೯೨೯ನೆಯ ಸೆಪ್ಟೆಂಬರ್ ೨೪ರಂದು ಜೇಮ್ಸ್ ಡೂಲಿಟಲ್ ಮುಚ್ಚಿದ ಗೂಡಿನಲ್ಲಿ ಕುಳಿತು, ಹೊರಗಣ ಜಗತ್ತನ್ನು ಕಾಣದೆಯೇ ವಿಮಾನವನ್ನು ಏರಿಸಿ, ಸುತ್ತಿಸಿ, ಇಳಿಸಿ ತೋರಿಸಿದನು.

ಕಲಿಯದೆ ಹೋದವರ ಗತಿ ಏನೆಂಬುದೂ ಅಳತೆಗೆ ಸಿಕ್ಕಿದೆ. ೧೯೫೪ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದವರು, ಯಂತ್ರಗಳನ್ನು ನೋಡಿ ಹಾರಿಸುವ ಶಿಕ್ಷಣವಿಲ್ಲದ ೨೦ ಮಂದಿ ಚಾಲಕರನ್ನು ಕುರುಡು ಹಾರಾಟಕ್ಕೆ ಒಡ್ಡಿದರು. ಇಪ್ಪತ್ತು ಮಂದಿಯೂ ಹಿಡಿತ ತಪ್ಪಿದರು; ಸರಾಸರಿ ಕಾಲ ೧೭೮ ಸೆಕೆಂಡು. ಮೂರು ನಿಮಿಷವೂ ಇಲ್ಲ!

ಆದರೆ ಯಂತ್ರವನ್ನು ನಂಬು ಎಂದರೆ ಒಂದೇ ಯಂತ್ರವನ್ನು ನಂಬು ಎಂದು ಅರ್ಥವಲ್ಲ. ೧೯೭೮ನೆಯ ಜನವರಿ ೧ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ದೊಡ್ಡ ವಿಮಾನವೊಂದು ಅರಬ್ಬೀ ಸಮುದ್ರದ ಮೇಲಿನ ಕತ್ತಲನ್ನು ಹೊಕ್ಕಿತು. ಬಲಕ್ಕೆ ತಿರುಗಿ ಪುನಃ ನೇರವಾದ ಬಳಿಕವೂ ನಾಯಕನ ಮುಂದಿದ್ದ ದಿಗಂತಸೂಚಕವು ಬಲಕ್ಕೆ ವಾಲಿರುವಂತೆಯೇ ತೋರಿಸುತ್ತಿತ್ತು. ಹೊರಗೆ ದಿಗಂತವಿಲ್ಲ. ಸರಿಮಾಡಲೆಂದು ನಾಯಕನು ಎಡಕ್ಕೆ ವಾಲಿಸಿದನು, ಇನ್ನೂ ವಾಲಿಸಿದನು. ಏರಿದ ಎರಡು ನಿಮಿಷದೊಳಗೆ ವಿಮಾನವು ಸಮುದ್ರಕ್ಕೆ ಬಿದ್ದು ೨೧೩ ಮಂದಿ ತೀರಿಕೊಂಡರು. ಸಹಚಾಲಕನ ಮುಂದೆಯೂ ನಡುವೆಯೂ ಬೇರೆ ಸೂಚಕಗಳಿದ್ದವು. ಒಂದು ಯಂತ್ರ ಕೆಟ್ಟಾಗ ಅದನ್ನು ಸುಳ್ಳೆಂದು ತೋರಿಸಿಕೊಡಬೇಕಾಗಿದ್ದ ದೇಹವು ಕತ್ತಲಲ್ಲಿ ಏನೂ ಹೇಳಲಾರದೆ ಹೋಯಿತು. ನ್ಯಾಯಸ್ಥಾನದಲ್ಲಿರುವಂತೆ ಇಲ್ಲಿಯೂ ಒಬ್ಬ ಸಾಕ್ಷಿಯ ಮಾತನ್ನು ಇನ್ನೊಬ್ಬನ ಮಾತಿನೊಡನೆ ಒರೆಹಚ್ಚಿ ನೋಡುವ ಅಭ್ಯಾಸ ಬೇಕು. ಅದನ್ನು ಕ್ಷಣಕಾಲದಲ್ಲಿ ಮಾಡಬೇಕು.

ಯುದ್ಧವಿಮಾನವನ್ನು ನಡೆಸುವವರಿಗೆ ಮತ್ತೊಂದು ಕಷ್ಟವುಂಟು. ವಿಮಾನವು ವೇಗವಾಗಿ ಬಾಗಿ ತಿರುಗುವಾಗ ದೇಹದ ತೂಕವು ಹಲವು ಪಟ್ಟಾಗುತ್ತದೆ. ಇದನ್ನು 'ಜಿ' ಎಂಬ ಅಕ್ಷರದಿಂದ ಅಳೆಯುತ್ತಾರೆ. ಒಂಬತ್ತು ಜಿ ಎಂದರೆ ೬೦ ಕಿಲೋ ತೂಗುವ ಆಳು ೫೪೦ ಕಿಲೋ ತೂಗುತ್ತಾನೆ. ಮೂಳೆ ಮಾಂಸಗಳು ಹೇಗೋ ತಡೆದುಕೊಳ್ಳುತ್ತವೆ, ತೊಂದರೆಯಿರುವುದು ರಕ್ತದಲ್ಲಿ. ಹೃದಯದಿಂದ ಮೆದುಳಿಗೆ ಸುಮಾರು ಒಂದು ಅಡಿ ಎತ್ತರ. ಅಷ್ಟು ಎತ್ತರದ ರಕ್ತದ ಕಂಬವನ್ನು ಏರಿಸುವುದಕ್ಕೆ ಹೃದಯವು ತನ್ನ ಒತ್ತಡದಲ್ಲಿ ೨೨ ಮಿಲಿಮೀಟರಿನಷ್ಟನ್ನು ಖರ್ಚುಮಾಡುತ್ತದೆ. ತೂಕವು ಐದು ಪಟ್ಟಾದರೆ ಖರ್ಚೂ ಐದು ಪಟ್ಟು. ತಲೆಗೆ ತಲಪುವುದು ಏನೂ ಉಳಿಯುವುದಿಲ್ಲ. ಕಣ್ಣುಗುಡ್ಡೆಯೊಳಗೆ ತನ್ನದೇ ಆದ ಒತ್ತಡವಿರುವುದರಿಂದ ರಕ್ತವು ಮೊದಲು ಕಣ್ಣನ್ನು ಬಿಡುತ್ತದೆ: ಬಣ್ಣಗಳು ಮಾಸುತ್ತವೆ, ನೋಟದ ಅಂಚು ಕುಗ್ಗಿ ಕೊಳವೆಯ ಮೂಲಕ ನೋಡಿದಂತಾಗುತ್ತದೆ, ಬಳಿಕ ಕತ್ತಲೆ. ೧೯೨೦ರ ದಶಕದಲ್ಲಿ ವಿಮಾನಗಳ ಪಂದ್ಯಗಳಲ್ಲಿ ತಿರುವು ತೆಗೆದುಕೊಳ್ಳುತ್ತಿದ್ದವರು ಈ ಕತ್ತಲನ್ನು ಕಂಡು ಗಾಬರಿಗೊಂಡರು. ಆ ಕಾಲದಲ್ಲಿ ಇದು ಒಳ್ಳೆಯ ಎಚ್ಚರಿಕೆಯೇ ಆಗಿತ್ತು. ಈಗಿನ ವಿಮಾನಗಳು ಒಂದೆರಡು ಸೆಕೆಂಡಿನಲ್ಲಿಯೇ ಅಷ್ಟು ಜಿಯನ್ನು ಮುಟ್ಟುವುದರಿಂದ ಕಣ್ಣು ಮಬ್ಬಾಗುವ ಮೊದಲೇ ಪ್ರಜ್ಞೆ ಹೋಗಬಹುದು. ಎಚ್ಚೆತ್ತ ಮೇಲೆ ಹಲವರಿಗೆ ತಾವು ಮೂರ್ಛೆಹೋಗಿದ್ದುದೇ ನೆನಪಿರುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕೆನಡಾದ ವಿಲ್ಬರ್ ಫ್ರಾಂಕ್ಸ್, ಕಾಲು ಹೊಟ್ಟೆಗಳನ್ನು ನೀರಿನ ಚೀಲಗಳಿಂದ ಅದುಮುವ ಉಡುಪನ್ನು ಮಾಡಿದನು. ಈಗ ನೀರಿಗೆ ಬದಲು ಗಾಳಿ. ಉಡುಪಿನ ಜೊತೆಗೆ ಚಾಲಕನು ಕಾಲು, ಹೊಟ್ಟೆಗಳ ಮಾಂಸಖಂಡಗಳನ್ನು ಬಿಗಿದು, ಮೂರು ಮೂರು ಸೆಕೆಂಡಿಗೊಮ್ಮೆ ಮಾತ್ರ ಚುಟುಕಾಗಿ ಉಸಿರಾಡುತ್ತಾನೆ. ಹೊರಗಿನಿಂದ ನೋಡುವವರಿಗೆ ಅವನು ಆರಾಮವಾಗಿ ಕುಳಿತು ತೇಲುತ್ತಿರುವಂತೆ ಕಾಣುತ್ತದೆ!

ಇಷ್ಟೆಲ್ಲ ವೇಗವೂ ಎತ್ತರವೂ ಇಲ್ಲದೆಯೇ, ಕೇವಲ ನಿದ್ದೆಯೊಂದೇ ದೇಹವನ್ನು ಸುಳ್ಳುಸಾಕ್ಷಿಯನ್ನಾಗಿ ಮಾಡಬಲ್ಲುದು. ನಮ್ಮ ನಾಡಿನವರು ಮರೆಯಲಾರದ ಉದಾಹರಣೆಯೇ ಇದಕ್ಕಿದೆ. ೨೦೧೦ನೆಯ ಮೇ ೨೨ರ ಬೆಳಗ್ಗೆ ಆರು ಗಂಟೆ ದಾಟಿದಾಗ ದುಬೈಯಿಂದ ಬಂದ ವಿಮಾನವು ಮಂಗಳೂರಿನ ಬಜಪೆಯಲ್ಲಿ, ಗುಡ್ಡದ ನೆತ್ತಿಯನ್ನು ಸಮಮಾಡಿ ನಿರ್ಮಿಸಿದ ಓಡುದಾರಿಯಲ್ಲಿ ಇಳಿಯಿತು. ಇಳಿಯಬೇಕಾದ ಜಾಗವನ್ನು ಬಹಳ ದೂರ ದಾಟಿ ನೆಲ ಮುಟ್ಟಿದ್ದರಿಂದ ಅದು ಓಡುದಾರಿಯ ಕೊನೆಯನ್ನೂ ದಾಟಿ ಕಮರಿಗೆ ಬಿತ್ತು. ೧೬೬ ಮಂದಿಯಲ್ಲಿ ಬದುಕಿದವರು ಎಂಟೇ ಜನ. ಗೂಡಿನ ಧ್ವನಿಮುದ್ರಣವನ್ನು ಕೇಳಿದ ವಿಚಾರಣೆಯವರಿಗೆ ಒಂದು ಗಂಟೆ ನಲವತ್ತು ನಿಮಿಷಗಳಷ್ಟು ಕಾಲ ನಾಯಕನು ನಿದ್ದೆಹೋಗಿದ್ದುದು ತಿಳಿದುಬಂತು. ಅವನು ಎಚ್ಚೆತ್ತು ವಿಮಾನವನ್ನು ಇಳಿಸತೊಡಗಿದಾಗ ಅದು ಇರಬೇಕಾದುದಕ್ಕಿಂತ ತುಂಬ ಮೇಲಿತ್ತು; ಮತ್ತೆ ಮೇಲೇರಿ ಸುತ್ತಿ ಬರೋಣವೆಂದು ಸಹಚಾಲಕನು ಒಂದಕ್ಕಿಂತ ಹೆಚ್ಚು ಸಲ ಹೇಳಿದನು.

ಗಾಢವಾದ ನಿದ್ದೆಯಿಂದ ಎದ್ದ ಮನುಷ್ಯನ ಕಣ್ಣು ತೆರೆದಿರುತ್ತದೆ, ಮಾತು ಆಡುತ್ತಾನೆ, ಎಚ್ಚರವಾಗಿದ್ದೇನೆಂದು ನಂಬಿರುತ್ತಾನೆ. ಆದರೆ ವಿವೇಚನೆಯು ಇನ್ನೂ ಸ್ವಲ್ಪ ಕಾಲ ಹಾಸಿಗೆಯಲ್ಲಿಯೇ ಇರುತ್ತದೆ. ಬೆಳಗಿನ ಜಾವದಲ್ಲಿ ಇದು ಮತ್ತಷ್ಟು ಕೆಟ್ಟದ್ದು, ಏಕೆಂದರೆ ದೇಹದ ಗಡಿಯಾರದ ಪ್ರಕಾರ ರಾತ್ರಿ ಎರಡರಿಂದ ಆರರವರೆಗೆ ನಮ್ಮ ಸಾಮರ್ಥ್ಯವು ತಳಮಟ್ಟದಲ್ಲಿರುತ್ತದೆ. ಹದಿನೇಳು ಗಂಟೆಗಳ ಕಾಲ ಎಚ್ಚರವಾಗಿದ್ದವನ ಚುರುಕು, ಕಾನೂನಿನ ಕಣ್ಣಿಗೆ ಬೀಳುವಷ್ಟು ಮದ್ಯ ಕುಡಿದವನ ಚುರುಕಿಗೆ ಸಮಾನವೆಂದು ಆಸ್ಟ್ರೇಲಿಯದಲ್ಲಿ ೧೯೯೭ರಲ್ಲಿ ಪರೀಕ್ಷೆಮಾಡಿ ತೋರಿಸಿದರು. ಆಶ್ಚರ್ಯವೆಂದರೆ, ಸಣ್ಣ ನಿದ್ದೆ ಇದಕ್ಕೆ ಔಷಧವೂ ಹೌದು. ದೀರ್ಘ ಪ್ರಯಾಣದಲ್ಲಿ ಸರದಿಯಂತೆ ೪೦ ನಿಮಿಷ ವಿಶ್ರಾಂತಿ ಕೊಟ್ಟರೆ ಇಳಿಯುವ ವೇಳೆಗೆ ಚಾಲಕರು ಹೆಚ್ಚು ಚುರುಕಾಗಿರುತ್ತಾರೆಂದು ಅಮೆರಿಕದ ಪ್ರಯೋಗವೊಂದರಲ್ಲಿ ಕಂಡುಬಂದಿದೆ. ಅಳತೆಮೀರಿದ ನಿದ್ದೆಯೂ ಇಳಿಯುವ ಸಮಯಕ್ಕೆ ತೀರ ಹತ್ತಿರವಾದ ನಿದ್ದೆಯೂ ಅಪಾಯಕರ.

ಒಂದು ಮಾತನ್ನು ಇಲ್ಲಿ ಸೇರಿಸಬೇಕು. ವೈದ್ಯನ ಮುಂದೆ ಸಾಮಾನ್ಯ ರೋಗಿಯು ತನ್ನ ಕಾಯಿಲೆಯನ್ನು ದೊಡ್ಡದಾಗಿ ಹೇಳುವುದುಂಟು. ಚಾಲಕನು ಚಿಕ್ಕದಾಗಿ ಹೇಳುತ್ತಾನೆ, ಇಲ್ಲವೆ ಮುಚ್ಚಿಡುತ್ತಾನೆ. ಏಕೆಂದರೆ ವೈದ್ಯನ ಒಂದು ಸಹಿಯಿಂದ ಅವನ ಜೀವನೋಪಾಯವೇ ಹೋಗಬಹುದು. ಹೀಗೆ ದೇಹವು ನಿಜ ಹೇಳಿದಾಗಲೂ ಮನುಷ್ಯನು ಅದರ ಬಾಯಿ ಮುಚ್ಚಿಸುವ ಸಂದರ್ಭಗಳುಂಟು. ಇದಕ್ಕೆ ಭಯಪಡಿಸುವ ನಿಯಮಗಳಿಗಿಂತ, ವಾಸಿಮಾಡಿ ಮರಳಿ ಕಳುಹಿಸುವ ಭರವಸೆಯೇ ಉತ್ತಮವೆಂದು ನನ್ನ ಅಭಿಪ್ರಾಯ. ೧೯೬೧ರಲ್ಲಿ ಅಂತರಿಕ್ಷವನ್ನು ಮುಟ್ಟಿದ ಮೊದಲ ಅಮೆರಿಕನ್ ಅಲನ್ ಶೆಪರ್ಡ್ ಒಳಕಿವಿಯ ರೋಗದಿಂದ ತಲೆಸುತ್ತು ಬಂದು ಹಲವು ವರ್ಷ ನೆಲದಲ್ಲಿ ಉಳಿಯಬೇಕಾಯಿತು. ಶಸ್ತ್ರಚಿಕಿತ್ಸೆಯ ಅನಂತರ ಪುನಃ ಅನುಮತಿ ಪಡೆದು, ೧೯೭೧ರಲ್ಲಿ ಚಂದ್ರನ ಮೇಲೆ ನಡೆದಾಡಿದನು.

ಅಂತರಿಕ್ಷದಲ್ಲಿ ತೂಕವಿಲ್ಲದಂತಾಗುವುದಕ್ಕೆ ಅಲ್ಲಿ ಭೂಮಿಯ ಆಕರ್ಷಣೆಯಿಲ್ಲದಿರುವುದೇ ಕಾರಣವೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ನಾಲ್ಕು ನೂರು ಕಿಲೋಮೀಟರು ಎತ್ತರದಲ್ಲಿ ಆಕರ್ಷಣೆಯು ಇಲ್ಲಿನದರ ಹತ್ತರಲ್ಲಿ ಒಂಬತ್ತು ಪಾಲು ಇದ್ದೇ ಇದೆ. ಹಗ್ಗ ಹರಿದು ಬಾವಿಗೆ ಬೀಳುವ ಕೊಡವೂ ಅದರೊಳಗಿನ ನೀರೂ ಒಟ್ಟಿಗೆ ಬೀಳುವಂತೆ, ನೌಕೆಯೂ ಯಾತ್ರಿಯೂ ಭೂಮಿಯ ಸುತ್ತ ಎಡೆಬಿಡದೆ ಒಟ್ಟಿಗೆ ಬೀಳುತ್ತಿರುತ್ತಾರೆ. ಆದ್ದರಿಂದ ಒಂದರ ಮೇಲೊಂದು ಭಾರ ಬೀಳುವುದಿಲ್ಲ. ಕಿವಿಯ ಒಳಮನೆಯಲ್ಲಿ, ನಾವು ಹೇಳಿದ ನಾಳಗಳ ಪಕ್ಕದಲ್ಲಿಯೇ, ಸುಣ್ಣದ ಸಣ್ಣ ಹರಳುಗಳುಳ್ಳ ಚೀಲಗಳುಂಟು. ಹರಳು ಯಾವ ಕಡೆಗೆ ಒತ್ತುವುದೋ ಅದು ಕೆಳಗೆ ಎಂದು ಮೆದುಳು ತಿಳಿಯುತ್ತದೆ. ಅಲ್ಲಿ ಹರಳು ಯಾವ ಕಡೆಗೂ ಒತ್ತುವುದಿಲ್ಲ. ಕಣ್ಣು ಒಂದನ್ನು ಹೇಳುತ್ತದೆ, ಕಿವಿ ಮತ್ತೊಂದನ್ನು. ೧೯೬೧ನೆಯ ಆಗಸ್ಟಿನಲ್ಲಿ ೨೫ ಗಂಟೆಗಳ ಕಾಲ ಭೂಮಿಯನ್ನು ಸುತ್ತಿದ ರಷ್ಯದ ಗೆರ್ಮಾನ್ ತಿತೋವ್ ತಾನು ತಲೆಕೆಳಗಾಗಿರುವಂತೆ ಭಾವಿಸಿ, ಓಕರಿಕೆಯಿಂದ ಬಳಲಿದನು. ಅಂತರಿಕ್ಷದ ಮೊದಲ ರೋಗಿ ಅವನೇ. ಮೇಲೆ ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಮೊದಲ ಎರಡು ಮೂರು ದಿನ ಈ ಕಷ್ಟ ತಪ್ಪಿದ್ದಲ್ಲ.

ಕಾಲಿನಲ್ಲಿರಬೇಕಾದ ರಕ್ತ, ದ್ರವಗಳಲ್ಲಿ ಸುಮಾರು ಎರಡು ಲೀಟರು ಎದೆಗೂ ತಲೆಗೂ ಏರುತ್ತದೆ. ಮುಖ ಊದುತ್ತದೆ, ಕಾಲು ಹಕ್ಕಿಯ ಕಾಲಿನಂತೆ ಸಣ್ಣಗಾಗುತ್ತದೆ, ಮೂಗು ಕಟ್ಟುತ್ತದೆ. ದೇಹವು ಇದನ್ನು ನೋಡಿ, ನೀರು ಮಿತಿಮೀರಿದೆಯೆಂದು ತಪ್ಪಾಗಿ ತೀರ್ಮಾನಿಸಿ, ಬಾಯಾರಿಕೆಯನ್ನು ತಗ್ಗಿಸಿ ರಕ್ತದ ನೀರನ್ನೇ ಕಡಿಮೆಮಾಡುತ್ತದೆ. ಭೂಮಿಗೆ ಮರಳಿ ಎದ್ದು ನಿಂತಾಗ ತಲೆಗೆ ರಕ್ತ ಸಾಲದೆ ಕಣ್ಣು ಕತ್ತಲಿಡುವುದು ಇದರಿಂದ. ನೆಗಡಿಯಂತಹ ಕ್ಷುದ್ರ ರೋಗವೂ ಅಲ್ಲಿ ಕ್ಷುದ್ರವಲ್ಲ. ತೂಕವಿಲ್ಲದಲ್ಲಿ ಸಿಂಬಳವು ಇಳಿದುಬರಲೊಲ್ಲದು. ೧೯೬೮ನೆಯ ಅಕ್ಟೋಬರಿನಲ್ಲಿ ಅಪೊಲೊ ೭ರ ನಾಯಕ ವಾಲಿ ಶಿರ್ರಾಗೆ ನೆಗಡಿ ಹಿಡಿಯಿತು. ಹನ್ನೊಂದು ದಿನ ಮೂಗು ಒರೆಸಿಕೊಂಡು, ಸಿಡಿಮಿಡಿಗೊಂಡು, ಇಳಿಯುವಾಗ ಶಿರಸ್ತ್ರಾಣವನ್ನು ಹಾಕಿಕೊಳ್ಳುವುದಿಲ್ಲವೆಂದು ಕೆಳಗಿನವರೊಡನೆ ಅವನು ವಾದಮಾಡಿದನು. ಹಾಕಿಕೊಂಡರೆ ಮೂಗು ಸೀನಿ ಕಿವಿಯನ್ನು ಬಿಡಿಸಿಕೊಳ್ಳುವುದು ಹೇಗೆ? ಶಿರಾಡಿಯ ಬಸ್ಸಿನಲ್ಲಿ ಕುಳಿತವನ ಕಷ್ಟವೇ ಇದು. ಆ ಮೂವರಲ್ಲಿ ಯಾರೂ ಪುನಃ ಅಂತರಿಕ್ಷಕ್ಕೆ ಹೋಗಲಿಲ್ಲ.

ನಿಧಾನವಾಗಿ ಆಗುವ ಹಾನಿಗಳನ್ನು ದೇಹವು ಹೇಳುವುದೇ ಇಲ್ಲ. ಭಾರ ಹೊರದ ಎಲುಬು ಬೇಡವೆಂದು ತಿಳಿದು ದೇಹವು ಅದರ ಸುಣ್ಣವನ್ನು ಕರಗಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಸೊಂಟದ ಮೂಳೆಯಲ್ಲಿ ತಿಂಗಳಿಗೆ ಶೇಕಡ ೧ರಿಂದ ೧.೫ರಷ್ಟು ನಷ್ಟ. ನೋವಿಲ್ಲ, ಸೂಚನೆಯಿಲ್ಲ. ದೀರ್ಘಕಾಲ ಇದ್ದವರಲ್ಲಿ ಕೆಲವರಿಗೆ ಕಣ್ಣಿನ ಹಿಂಭಾಗ ಊದಿ ಚಪ್ಪಟೆಯಾಗಿ, ಹತ್ತಿರದ ಅಕ್ಷರ ಕಾಣದೆ ಚಾಳೀಸು ಬಂದಂತಾಗುತ್ತದೆ. ವಿಶ್ವಕಿರಣಗಳೂ ಹಾಗೆಯೇ. ಅವು ಮೈಯನ್ನು ಹೊಕ್ಕು ಹೊರಡುವುದು ತಿಳಿಯುವುದಿಲ್ಲ. ಚಂದ್ರಯಾತ್ರಿಗಳಿಗೆ ಮುಚ್ಚಿದ ಕಣ್ಣಿನೊಳಗೆ ಆಗಾಗ ಮಿಂಚು ಹೊಳೆದಂತಾದುದೊಂದೇ ಅವುಗಳ ಸುಳಿವು.

೧೯೭೦ರಲ್ಲಿ ರಷ್ಯದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ಸೊಯುಜ್ ೯ರಲ್ಲಿ ಸುಮಾರು ೧೮ ದಿನವಿದ್ದು ಇಳಿದಾಗ ನಡೆಯಲಾರದೆ ಹೋದರು. ಅವರನ್ನು ಎತ್ತಿಕೊಂಡು ಹೋಗಬೇಕಾಯಿತು. ಅಲ್ಲಿಂದೀಚೆಗೆ ವ್ಯಾಯಾಮವು ಯಾತ್ರಿಗಳ ಇಷ್ಟಕ್ಕೆ ಬಿಟ್ಟ ಮಾತಾಗಿ ಉಳಿಯಲಿಲ್ಲ. ೧೯೯೪ರಿಂದ ೧೯೯೫ರವರೆಗೆ ೪೩೭ ದಿನ ಮೇಲಿದ್ದ ವಲೇರಿ ಪೊಲ್ಯಾಕೊವ್, ತಾನೇ ವೈದ್ಯನಾಗಿದ್ದವನು, ನಿತ್ಯವೂ ಬಿಡದೆ ವ್ಯಾಯಾಮಮಾಡಿ, ಇಳಿದ ಕೂಡಲೆ ಕೆಲವು ಹೆಜ್ಜೆ ತಾನೇ ನಡೆದು ತೋರಿಸಿದನು. ಅಂತಾರಾಷ್ಟ್ರೀಯ ನಿಲ್ದಾಣದಲ್ಲಿರುವವರು ದಿನಕ್ಕೆ ಸುಮಾರು ಎರಡು ಗಂಟೆ, ತಮ್ಮನ್ನು ಪಟ್ಟಿಗಳಿಂದ ಕಟ್ಟಿಕೊಂಡು ಓಡುತ್ತಾರೆ, ಯಂತ್ರದ ಎಳೆತದ ವಿರುದ್ಧ ಭಾರ ಎತ್ತುತ್ತಾರೆ. ಸಾಕೆಂದು ದೇಹ ಎಂದೂ ಹೇಳದು, ಬೇಕೆಂದೂ ಹೇಳದು, ವೇಳಾಪಟ್ಟಿ ಹೇಳುತ್ತದೆ.

ಈ ವಿದ್ಯೆಯ ಭಾರತದ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ ಇದೆ. ೧೯೫೭ರಲ್ಲಿ ಸ್ಥಾಪಿತವಾದ ವಾಯುಪಡೆಯ ವೈದ್ಯಕೀಯ ಸಂಸ್ಥೆಯಲ್ಲಿ, ಗಾಳಿಯನ್ನು ತೆಳುಗೊಳಿಸುವ ಕೋಣೆಯೂ, ಗಾಣದ ಮರದಂತೆ ಉದ್ದವಾದ ತೋಳಿನ ತುದಿಯಲ್ಲಿ ಮನುಷ್ಯನನ್ನು ಕೂಡಿಸಿ ತಿರುಗಿಸುವ ಯಂತ್ರವೂ ಇವೆ. ೧೯೮೪ನೆಯ ಏಪ್ರಿಲ್‌ನಲ್ಲಿ ರಾಕೇಶ್ ಶರ್ಮರು ಸಲ್ಯೂತ್ ೭ರಲ್ಲಿದ್ದಾಗ ತೂಕವಿಲ್ಲದ ಸ್ಥಿತಿಯಲ್ಲಿ ಯೋಗಾಸನಗಳನ್ನು ಪರೀಕ್ಷಿಸಿದರು. ಗಗನಯಾನದ ಯಾತ್ರಿಗಳನ್ನು ಆರಿಸುವಾಗ ಅವರ ದೇಹಗಳನ್ನು ಒರೆಗೆ ಹಚ್ಚಿದುದೂ ಈ ಬೆಂಗಳೂರಿನ ಸಂಸ್ಥೆಯಲ್ಲಿಯೇ. ಅವರಲ್ಲೊಬ್ಬರಾದ ಶುಭಾಂಶು ಶುಕ್ಲರು ೨೦೨೫ನೆಯ ಜೂನ್ ೨೫ರಂದು ಹೊರಟು, ನಿಲ್ದಾಣದಲ್ಲಿ ಸುಮಾರು ೧೮ ದಿನ ಕಳೆದು, ಜುಲೈ ೧೫ರಂದು ಸಮುದ್ರದಲ್ಲಿ ಇಳಿದರು. ಸೊಯುಜ್ ೯ರವರು ಮೇಲಿದ್ದಷ್ಟೇ ದಿನಗಳು! ಇವರು ಇತರರ ಆಸರೆಯಿಂದಲಾದರೂ ತಮ್ಮ ಕಾಲ ಮೇಲೆ ಹೊರಗೆ ಬಂದು ಕೈಬೀಸಿದರು. ಆದರೆ ಹೊಸದಾಗಿ ಕಲಿತುದನ್ನು ದೇಹವು ಅಷ್ಟು ಬೇಗ ಮರೆಯಲಿಲ್ಲ. ಇಳಿದ ಕೆಲವು ದಿನಗಳಲ್ಲಿ ಹಾಸಿಗೆಯ ಮೇಲೆ ಕುಳಿತು ಕೆಲಸಮಾಡುತ್ತಿದ್ದವರು, ಕೆಲಸ ಮುಗಿದ ಮೇಲೆ ಕಂಪ್ಯೂಟರನ್ನು ಮುಚ್ಚಿ, ಅದು ತೇಲುತ್ತ ನಿಲ್ಲುವುದೆಂದು ಹಾಸಿಗೆಯ ಪಕ್ಕದ ಗಾಳಿಯಲ್ಲಿ ಬಿಟ್ಟುಬಿಟ್ಟರಂತೆ. ಪುಣ್ಯಕ್ಕೆ ನೆಲಕ್ಕೆ ಜಮಖಾನ ಹಾಸಿತ್ತು.